ಒಂಟಿಗಾಲಲ್ಲಿ ಇಳಿದ ಸೂರ್ಯ

ಜಪಾನಿನ ಚಿಬಾ ನಗರ, 1994ರ ಮಾರ್ಚ್ ತಿಂಗಳ ಕೊನೆ. ವಿಶ್ವ ಫಿಗರ್ ಸ್ಕೇಟಿಂಗ್ ಕೂಟದಲ್ಲಿ ಮಹಿಳೆಯರ ಸ್ಪರ್ಧೆ ಮುಗಿದು ಪದಕ ಕೊಡುವ ಹೊತ್ತು. ರಿಂಕಿನ ನಡುವೆ ವಿಜೇತರ ಪೀಠ ಇಟ್ಟಿದ್ದಾರೆ. ಎತ್ತರದ ಮೆಟ್ಟಿಲ ಮೇಲೆ ಆತಿಥೇಯ ನಾಡಿನ ಯೂಕಾ ಸಾಟೊ ನಿಂತಿದ್ದಾಳೆ. ಎರಡನೇ ಸ್ಥಾನದ ಮೆಟ್ಟಿಲು ಖಾಲಿ. ಅದರ ಪಕ್ಕದಲ್ಲಿ, ಪೀಠ ಹತ್ತದೆ, ಮಂಜುಗಡ್ಡೆಯ ಮೇಲೇ ನಿಂತಿದ್ದಾಳೆ 20 ವರ್ಷದ ಫ್ರೆಂಚ್ ಹುಡುಗಿ. ಕಪ್ಪು ಮೈಬಣ್ಣ, ಎತ್ತಿ ಕಟ್ಟಿದ ಕೂದಲು, ಕಣ್ಣ ತುಂಬ ನೀರು. ಅಧಿಕಾರಿಯೊಬ್ಬರು ಬಂದು ಒತ್ತಾಯಿಸಿ ಮೇಲೆ ಹತ್ತಿಸುತ್ತಾರೆ. ಕೊರಳಿಗೆ ಬೆಳ್ಳಿ ಪದಕ ಬೀಳುತ್ತದೆ. ಬಿದ್ದ ಸ್ವಲ್ಪ ಹೊತ್ತಿಗೇ ಆಕೆ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಪ್ರೇಕ್ಷಕರ ಸಾಲುಗಳಿಂದ ಛೀಮಾರಿ ಕೇಳಿಸುತ್ತದೆ.

ಆ ಹುಡುಗಿಯ ಹೆಸರು ಸೂರ್ಯ. ಪೂರ್ತಿ ಹೆಸರು ಸೂರ್ಯ ಬೊನಾಲಿ. ನಮ್ಮಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರನ್ನು ಫ್ರಾನ್ಸಿನ ದಂಪತಿ ತಮ್ಮ ದತ್ತುಮಗಳಿಗೆ ಇಟ್ಟಿದ್ದರು, ಅದು ಸಂಸ್ಕೃತದ ಪದ, ಬೆಳಕಿನ ದೇವರ ಹೆಸರು ಎಂದು ತಿಳಿದೇ.

ಚಿಬಾದ ಆ ದೃಶ್ಯದ ತುಣುಕು ಇಂದಿಗೂ ನೋಡಲು ಸಿಗುತ್ತದೆ. ನೋಡಿದಾಗಲೆಲ್ಲ ನನಗೆ ಆಕೆಯ ಮುಖದಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚು ಕಾಣುತ್ತದೆ. ಸೋತವರು ನಗುನಗುತ್ತಾ ಸೋಲಬೇಕು ಎಂಬುದು ಕ್ರೀಡೆಯ ಶಿಷ್ಟಾಚಾರ. ಅದನ್ನು ಆಕೆ ಮುರಿದಳು. ಮರುದಿನದ ಪತ್ರಿಕೆಗಳಲ್ಲಿ ಹಟಮಾರಿ, ಸೋಲನ್ನು ಅರಗಿಸಿಕೊಳ್ಳಲಾರದವಳು ಎಂಬ ಮಾತುಗಳು ಬಂದವು. ಆದರೆ ಒಬ್ಬಳು ಸ್ಪರ್ಧಿ ಆ ಮೆಟ್ಟಿಲಿನ ಬಳಿ ಹಾಗೆ ನಿಲ್ಲುವ ಮಟ್ಟಕ್ಕೆ ಹೇಗೆ ಬಂದಳು ಎಂದು ತಿಳಿಯಬೇಕಾದರೆ ಆ ಕಾಲದಲ್ಲಿ ಫಿಗರ್ ಸ್ಕೇಟಿಂಗಿಗೆ ಅಂಕ ಹಾಕುತ್ತಿದ್ದ ರೀತಿ ಗೊತ್ತಿರಬೇಕು. ಬೊನಾಲಿಯ ಇಡೀ ವೃತ್ತಿಜೀವನ ಆ ಅಂಕದ ಹಾಳೆಯೊಡನೆ ನಡೆಸಿದ ಜಗ್ಗಾಟ.

ಆಗ ಒಂಬತ್ತು ಮಂದಿ ತೀರ್ಪುಗಾರರು ಇರುತ್ತಿದ್ದರು. ಪ್ರತಿಯೊಬ್ಬರೂ ಪ್ರತಿ ಸ್ಪರ್ಧಿಗೆ ಎರಡು ಅಂಕ ಕೊಡಬೇಕು, ಎರಡೂ ಆರಕ್ಕೆ. ಮೊದಲನೆಯದು ತಾಂತ್ರಿಕ ಅಂಕ: ಜಿಗಿತ, ಗಿರಕಿ, ಹೆಜ್ಜೆಗಳ ಕಷ್ಟ ಮತ್ತು ಅಚ್ಚುಕಟ್ಟು. ಎರಡನೆಯದು ಕಲಾತ್ಮಕತೆಗೆ: ಸಂಗೀತಕ್ಕೆ ಹೊಂದಿದೆಯೇ, ದೇಹದ ರೇಖೆ ಚೆಂದವಿದೆಯೇ, ನೋಡುವಾಗ ಮನಸ್ಸಿಗೆ ಏನನ್ನಿಸಿತು. ಎರಡನ್ನೂ ಕೂಡಿಸಿ ಬಂದ ಮೊತ್ತ ನೇರವಾಗಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ಮೊತ್ತದಿಂದ ಒಬ್ಬೊಬ್ಬ ತೀರ್ಪುಗಾರನ ಪಟ್ಟಿಯಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂಬ ಕ್ರಮ ಮಾತ್ರ ಸಿಗುತ್ತಿತ್ತು. ಒಂಬತ್ತರಲ್ಲಿ ಐದು ಮಂದಿ ಯಾರನ್ನು ಮೇಲಿಟ್ಟರೋ ಅವರು ಮೇಲೆ. ಒಂದು ರೀತಿಯಲ್ಲಿ ಪಂಚಾಯಿತಿ ತೀರ್ಮಾನ.

ಇದರೊಳಗೆ ಇನ್ನೊಂದು ಸೂಕ್ಷ್ಮವಿತ್ತು. ಸ್ಪರ್ಧೆಯಲ್ಲಿ ಎರಡು ಸುತ್ತು. ಮೊದಲನೆಯದು ಚಿಕ್ಕದು, ಮಾಡಲೇಬೇಕಾದ ಕಸರತ್ತುಗಳ ಪಟ್ಟಿ ಅದರಲ್ಲಿ ಗೊತ್ತುಪಡಿಸಿರುತ್ತದೆ. ಎರಡನೆಯದು ದೀರ್ಘ ಸುತ್ತು, ಅದಕ್ಕೇ ಹೆಚ್ಚಿನ ತೂಕ. ದೀರ್ಘ ಸುತ್ತಿನಲ್ಲಿ ಒಬ್ಬ ತೀರ್ಪುಗಾರ ಇಬ್ಬರಿಗೆ ಸಮನಾದ ಮೊತ್ತ ಕೊಟ್ಟಿದ್ದರೆ ಅವರಲ್ಲಿ ಯಾರು ಮೇಲು ಎಂದು ನಿರ್ಧರಿಸುತ್ತಿದ್ದದ್ದು ಎರಡನೇ ಅಂಕ, ಕಲೆಯ ಅಂಕ. ಚಿಬಾಕ್ಕೆ ಒಂದು ತಿಂಗಳು ಮುಂಚೆ ಲಿಲೆಹ್ಯಾಮರ್ ಒಲಿಂಪಿಕ್ಸಿನಲ್ಲಿ ಉಕ್ರೇನಿನ ಒಕ್ಸಾನಾ ಬೈಯುಲ್ ಅಮೆರಿಕದ ನ್ಯಾನ್ಸಿ ಕೆರಿಗನ್ ಅವರನ್ನು 5–4ರಿಂದ ಸೋಲಿಸಿ ಚಿನ್ನ ಪಡೆದದ್ದು ಹೀಗೆಯೇ. ಜರ್ಮನಿಯ ತೀರ್ಪುಗಾರರ ಹಾಳೆಯಲ್ಲಿ ಇಬ್ಬರ ಮೊತ್ತವೂ ಒಂದೇ ಆಗಿತ್ತು. ಕಲೆಯ ಅಂಕದಲ್ಲಿ ಬೈಯುಲ್ ಒಂದು ಕೂದಲೆಳೆ ಮುಂದಿದ್ದಳು. ಜಿಗಿತಗಳನ್ನು ಎಣಿಸಬಹುದು. ಎರಡನೇ ಅಂಕವನ್ನು ಎಣಿಸುವುದು ಹೇಗೆ? ತೀರ್ಪುಗಾರನ ಮನಸ್ಸಿನಲ್ಲಿ ಒಂದು ಮಾದರಿ ಮೊದಲೇ ಕೂತಿರುತ್ತದೆ, ಅದರ ಪಕ್ಕದಲ್ಲಿಟ್ಟು ನೋಡುತ್ತಾನೆ. ಆ ಮಾದರಿಯ ಹುಡುಗಿ ಸಣ್ಣ ಮೈಯವಳು, ಬ್ಯಾಲೆ ಕಲಿತವಳು, ಜಿಗಿದದ್ದೇ ಗೊತ್ತಾಗದಂತೆ ಜಿಗಿಯುವವಳು. ಬೊನಾಲಿ ಜಿಗಿದರೆ ಇಡೀ ರಿಂಕಿಗೆ ಗೊತ್ತಾಗುತ್ತಿತ್ತು.

ಆಕೆ ಹುಟ್ಟಿದ್ದು 1973ರ ಡಿಸೆಂಬರ್ 15ರಂದು, ದಕ್ಷಿಣ ಫ್ರಾನ್ಸಿನ ಕಡಲತಡಿಯ ನೀಸ್ ನಗರದಲ್ಲಿ. ಎಂಟು ತಿಂಗಳ ಕೂಸಾಗಿದ್ದಾಗ ಸುಜಾನ್ ಮತ್ತು ಜಾರ್ಜ್ ಬೊನಾಲಿ ದತ್ತು ತೆಗೆದುಕೊಂಡರು. ತಾಯಿ ಸುಜಾನ್ ವೃತ್ತಿಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಮಗು ನಡೆಯುವುದನ್ನು ಕಲಿತದ್ದೇ ಆಟದ ಸಾಮಾನುಗಳ ನಡುವೆ ಎನ್ನಬೇಕು. ಜಿಮ್ನಾಸ್ಟಿಕ್ಸಿನ ಟಂಬ್ಲಿಂಗ್ ಎಂಬ ವಿಭಾಗದಲ್ಲಿ ಉದ್ದನೆಯ ಹಾಸಿನ ಮೇಲೆ ಓಡಿಬಂದು ಒಂದರ ಹಿಂದೊಂದು ಲಾಗ ಹಾಕುತ್ತಾ ಸಾಗಬೇಕು. ಅದರಲ್ಲಿ ಸೂರ್ಯ ಚಿಕ್ಕಂದಿನಲ್ಲೇ ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿದ್ದಳು. ಜೊತೆಜೊತೆಗೆ ಸ್ಕೇಟಿಂಗ್. ತರಬೇತುದಾರ ಡಿಡಿಯೆ ಗಯಾಗೆ ಕಣ್ಣಿಗೆ ಬಿದ್ದ ಮೇಲೆ ಕುಟುಂಬ ಪ್ಯಾರಿಸ್ಸಿನ ಹತ್ತಿರಕ್ಕೆ ಬಂದು ನೆಲೆಸಿತು.

ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಒಂದು ಕಥೆ ಓಡಾಡುತ್ತಿತ್ತು: ಈ ಹುಡುಗಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಹುಟ್ಟಿದವಳು ಎಂದು. ಸುಳ್ಳು. ಫ್ರಾನ್ಸಿನ ನೆಲದಲ್ಲಿ, ಫ್ರಾನ್ಸಿನ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ದೂರದ ದ್ವೀಪವೊಂದನ್ನು ಹುಟ್ಟೂರಾಗಿ ಅಂಟಿಸಿದ್ದರು, ಓದುಗರಿಗೆ ಸ್ವಾರಸ್ಯವಾಗಿರಲಿ ಎಂದು. ಈ ಸಣ್ಣ ಸಂಗತಿಯನ್ನು ನಾನು ಲಘುವಾಗಿ ದಾಟಿಹೋಗಲಾರೆ. ನೀಸ್ ಎಂದು ಬರೆದಿದ್ದರೆ ಆಕೆ ಫ್ರೆಂಚ್ ಹುಡುಗಿ. ದ್ವೀಪ ಎಂದು ಬರೆದಾಗ ಎಲ್ಲಿಂದಲೋ ಬಂದವಳು, ವಿಚಿತ್ರ ಹಕ್ಕಿ. ಮುಂದೆ ಆಕೆಯ ಸ್ಕೇಟಿಂಗಿನ ಬಗ್ಗೆ ಬರೆದವರು ಆಯ್ದುಕೊಂಡ ಮಾತುಗಳಲ್ಲೂ ಈ ನೆರಳಿದೆ. ಶಕ್ತಿ, ಸ್ನಾಯು, ಆವೇಶ ಎಂಬ ಪದಗಳು ಆಕೆಗೆ. ಸೊಬಗು, ಲಾಲಿತ್ಯ ಎಂಬ ಪದಗಳು ಇತರರಿಗೆ.

ಕಾಲ ಮಾತ್ರ ಆಕೆಗೆ ಒದಗಿಬಂತು. ಫಿಗರ್ ಸ್ಕೇಟಿಂಗಿಗೆ ಆ ಹೆಸರು ಬಂದದ್ದೇ ಮಂಜಿನ ಮೇಲೆ ಬ್ಲೇಡಿನಿಂದ ಎಂಟರ ಆಕಾರದಂಥ ಗೆರೆಗಳನ್ನು ಎಳೆಯುವ ಕೆಲಸದಿಂದ. ನಮ್ಮ ಅಂಗಳದ ರಂಗೋಲಿಯ ಹಾಗೆ, ಎಳೆದ ಗೆರೆಯ ಮೇಲೇ ಮತ್ತೆ ಗೆರೆ ಎಳೆಯಬೇಕು, ತೀರ್ಪುಗಾರರು ಬಗ್ಗಿ ನೋಡಿ ಅಂಕ ಹಾಕುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಈ ಭಾಗ 1990ರ ಋತುವಿನೊಂದಿಗೆ ಕೊನೆಗೊಂಡಿತು. ಮುಂದಿನ ಋತುವಿನಿಂದ ಜಿಗಿಯಬಲ್ಲವರ ದಾರಿ ಸಲೀಸು. ಅದೇ ಋತುವಿನಲ್ಲಿ ಬೊನಾಲಿ ಬುಡಾಪೆಸ್ಟಿನಲ್ಲಿ ವಿಶ್ವ ಜೂನಿಯರ್ ಪಟ್ಟ ಗೆದ್ದಳು. 1991ರ ಜನವರಿಯಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ, ಹದಿನೇಳರ ಹರೆಯದಲ್ಲಿ, ಯುರೋಪಿನ ಚಾಂಪಿಯನ್ ಆದಳು. ಆ ಪಟ್ಟ ಐದು ವರ್ಷ ಆಕೆಯ ಕೈಬಿಡಲಿಲ್ಲ: ಸೋಫಿಯಾ, ಲೊಸಾನ್, ಹೆಲ್ಸಿಂಕಿ, ಕೋಪನ್‌ಹೇಗನ್, ಡಾರ್ಟ್‌ಮಂಡ್. ನಾರ್ವೆಯ ಸೋನಿಯಾ ಹೆನಿ, ಪೂರ್ವ ಜರ್ಮನಿಯ ಕ್ಯಾಟರಿನಾ ವಿಟ್ ಸತತ ಆರು ಬಾರಿ ಗೆದ್ದವರು. ಅವರ ನಂತರದ ಸಾಲಿನಲ್ಲಿ ಬೊನಾಲಿ. ತಾಯ್ನಾಡಿನಲ್ಲಂತೂ 1989ರಿಂದ 1997ರವರೆಗೆ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್.

ಫ್ರಾನ್ಸ್ ಆಕೆಯನ್ನು ಅಪ್ಪಿಕೊಂಡ ಕ್ಷಣವೊಂದಿದೆ. 1992ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಫ್ರಾನ್ಸಿನ ಆಲ್ಬರ್‌ವಿಲ್‌ನಲ್ಲಿ. ಉದ್ಘಾಟನೆಯಲ್ಲಿ ಎಲ್ಲ ದೇಶಗಳ ಆಟಗಾರರ ಪರವಾಗಿ ಪ್ರಮಾಣವಚನ ಹೇಳಲು ಆರಿಸಿದ್ದು 18 ವರ್ಷದ ಸೂರ್ಯ ಬೊನಾಲಿಯನ್ನು. ಅಷ್ಟು ಗೌರವದ ಬೆನ್ನಿಗೇ ಮೊದಲ ತಗಾದೆಯೂ ಬಂತು. ಅಭ್ಯಾಸದ ವೇಳೆ, ಜಪಾನಿನ ಮಿಡೋರಿ ಇಟೊ ಅದೇ ರಿಂಕಿನಲ್ಲಿದ್ದಾಗ, ಬೊನಾಲಿ ಬ್ಯಾಕ್‌ಫ್ಲಿಪ್ ಹಾಕಿದಳು. ನಿಂತಲ್ಲಿಂದ ಹಿಂದಕ್ಕೆ ಮೈಯನ್ನು ಬಿಲ್ಲಿನಂತೆ ಬಾಗಿಸಿ ಗಾಳಿಯಲ್ಲೇ ಒಂದು ಪೂರ್ತಿ ಲಾಗ. ಎದುರಾಳಿಯ ಮನಸ್ಸು ಕದಡಲೆಂದೇ ಹೀಗೆ ಮಾಡಿದಳು ಎಂದು ಕೆಲವರು; ಎಲ್ಲೆಂದರಲ್ಲಿ ಲಾಗ ಹಾಕುವುದು ಆಕೆಯ ಹುಟ್ಟುಗುಣ ಎಂದು ಇನ್ನು ಕೆಲವರು. ಇನ್ನು ಮುಂದೆ ಅಭ್ಯಾಸದಲ್ಲಿ ಹಾಗೆ ಮಾಡಕೂಡದು ಎಂದು ಅಧಿಕಾರಿಗಳು ತಾಕೀತು ಮಾಡಿದರು.

ಸ್ಪರ್ಧೆಯ ಚಿಕ್ಕ ಸುತ್ತು ಮುಗಿದಾಗ ಬೊನಾಲಿ ಮೂರನೇ ಸ್ಥಾನದಲ್ಲಿದ್ದಳು. ದೀರ್ಘ ಸುತ್ತಿನಲ್ಲಿ ಇದ್ದಷ್ಟನ್ನು ಜೋಪಾನ ಮಾಡಿಕೊಂಡಿದ್ದರೆ ತವರಿನಲ್ಲಿ ಕಂಚು ಸಿಗುತ್ತಿತ್ತೋ ಏನೋ. ಆದರೆ ಆಕೆ ನಾಲ್ಕು ಸುತ್ತಿನ ಟೋ ಲೂಪ್ ಎಂಬ ಜಿಗಿತಕ್ಕೆ ಕೈಹಾಕಿದಳು. ಬ್ಲೇಡಿನ ಮೂತಿಯಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿರುತ್ತವೆ; ಒಂದು ಕಾಲಿನ ಆ ಹಲ್ಲನ್ನು ಮಂಜಿಗೆ ಊರಿ, ಮೇಲಕ್ಕೆ ಚಿಮ್ಮಿ, ಒಂದು ಸೆಕೆಂಡೂ ಹಿಡಿಯದ ಹಾರಾಟದಲ್ಲಿ ನಾಲ್ಕು ಸಲ ಸುತ್ತಿ, ಒಂಟಿ ಕಾಲಿನ ಮೇಲೆ ಹಿಮ್ಮುಖವಾಗಿ ಇಳಿಯಬೇಕು. ಗಂಡಸರಲ್ಲೇ ಇದನ್ನು ಸ್ಪರ್ಧೆಯಲ್ಲಿ ಮೊದಲು ಸಾಧಿಸಿದ್ದು ಕೆನಡಾದ ಕರ್ಟ್ ಬ್ರೌನಿಂಗ್, 1988ರಲ್ಲಿ. ಬೊನಾಲಿ ಬೀಳದೆ ಇಳಿದಳು. ಆದರೆ ನಾಲ್ಕನೇ ಸುತ್ತು ಪೂರ್ತಿಯಾಗಿರಲಿಲ್ಲ, ಕೊನೆಯ ಭಾಗವನ್ನು ಮಂಜಿನ ಮೇಲೆ ತಿರುಗಿ ಮುಗಿಸಿದ್ದಳು. ಲೆಕ್ಕಕ್ಕೆ ಬರಲಿಲ್ಲ. ಆಮೇಲಿನ ಜಿಗಿತಗಳಲ್ಲಿ ದಣಿವು ಕಾಣಿಸಿತು. ಕೊನೆಗೆ ಐದನೇ ಸ್ಥಾನ. ಮಹಿಳೆಯೊಬ್ಬಳ ನಾಲ್ಕು ಸುತ್ತಿನ ಜಿಗಿತ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಮಾನ್ಯವಾಗಲು 2002ರ ಡಿಸೆಂಬರ್ ಬರಬೇಕಾಯಿತು, ಜಪಾನಿನ ಮಿಕಿ ಆಂಡೊ ಸಾಲ್ಕೊ ಜಿಗಿತದಲ್ಲಿ ಸಾಧಿಸಿದಳು. ಟೋ ಲೂಪಿಗೆ ಇನ್ನೂ ಕಾಯಬೇಕಿತ್ತು: 2018ರಲ್ಲಿ ರಷ್ಯಾದ ಅಲೆಕ್ಸಾಂಡ್ರಾ ಟ್ರುಸೋವಾ. ಬೊನಾಲಿ ಯತ್ನಿಸಿ 26 ವರ್ಷಗಳ ಮೇಲೆ.

ಇಲ್ಲಿ ನಾನು ಆಕೆಯ ಅಭಿಮಾನಿಗಳಿಗೆ ಹಿಡಿಸದ ಮಾತೊಂದನ್ನು ಹೇಳಬೇಕು. ಬೊನಾಲಿಯ ಸ್ಕೇಟಿಂಗಿನಲ್ಲಿ ಕೊರತೆಗಳಿದ್ದವು. ಬ್ಲೇಡಿನ ತಳ ನಡುವೆ ತಗ್ಗಾಗಿದ್ದು ಒಳಗೊಂದು ಹೊರಗೊಂದು ಅಂಚು ಇರುತ್ತದೆ. ಒಳ್ಳೆಯ ಸ್ಕೇಟರ್ ಈ ಅಂಚುಗಳ ಮೇಲೆ ಓಲಾಡುತ್ತಾ, ಒಂದೇ ತಳ್ಳಿಗೆ ಬಹಳ ದೂರ ಜಾರುತ್ತಾ ಹೋಗುತ್ತಾನೆ. ಜಿಗಿತಕ್ಕೆ ಮುಂಚಿನ ವೇಗ ಇಳಿದ ಮೇಲೂ ಉಳಿದಿರಬೇಕು, ಹೊಳೆಯ ನೀರು ಕಲ್ಲು ದಾಟಿದ ಹಾಗೆ. ಬೊನಾಲಿ ಟಂಬ್ಲಿಂಗಿನಿಂದ ಬಂದವಳು. ಆ ಆಟದಲ್ಲಿ ಕಾಲಿನ ಚಿಮ್ಮಿಗೇ ಪ್ರಾಧಾನ್ಯ. ಹಾಗಾಗಿ ಆಕೆ ಮೇಲಕ್ಕೆ ಎತ್ತರಕ್ಕೆ ಹಾರುತ್ತಿದ್ದಳು, ಆದರೆ ಎಷ್ಟೋ ಸಲ ಇಳಿದಲ್ಲೇ ವೇಗ ನಿಂತುಹೋಗುತ್ತಿತ್ತು. ಸುತ್ತುಗಳು ಕಾಲು ಭಾಗ ಕಡಿಮೆಯಾಗುತ್ತಿದ್ದವು. ಎರಡು ಜಿಗಿತಗಳ ನಡುವಿನ ಹೆಜ್ಜೆಗಳು ತೆಳುವಾಗಿದ್ದವು. ತೀರ್ಪುಗಾರರ ದೂರು ಪೂರ್ತಿ ಕಟ್ಟುಕಥೆಯಲ್ಲ.

ಹಾಗೆಯೇ, ಆಕೆಯನ್ನು ಹಿಂದಿಕ್ಕಿದವರೆಲ್ಲ ಬಿಳಿಯರು ಎಂಬ ಸರಳ ಲೆಕ್ಕವೂ ಸರಿಹೋಗುವುದಿಲ್ಲ. ಆಲ್ಬರ್‌ವಿಲ್‌ನಲ್ಲಿ ಚಿನ್ನ ಗೆದ್ದ ಕ್ರಿಸ್ಟಿ ಯಾಮಾಗುಚಿ ಜಪಾನಿ ಮೂಲದ ಅಮೆರಿಕನ್. ಯೂಕಾ ಸಾಟೊ ಜಪಾನಿನವಳು, ಚೆನ್ ಲು ಚೀನಾದವಳು. ಕಪ್ಪು ಮೈಬಣ್ಣದ ಅಮೆರಿಕದ ಡೆಬಿ ಥಾಮಸ್ 1986ರಲ್ಲೇ ವಿಶ್ವ ಚಾಂಪಿಯನ್ ಆಗಿ, 1988ರ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದಿದ್ದಳು. ಹಾಗೆಂದು ಬಣ್ಣದ ಮಾತೇ ಬೇಡವೆನ್ನಲು ನನ್ನಿಂದಾಗದು. ಒಂದು ಕೊರತೆಯನ್ನು ಎಷ್ಟು ದೊಡ್ಡದು ಎಂದು ಅಳೆಯುವುದು ನೋಡುವವನ ಕಣ್ಣು. ತನ್ನ ಮನಸ್ಸಿನ ಮಾದರಿಗೆ ಹತ್ತಿರವಿರುವ ಸ್ಪರ್ಧಿ ಮುಗ್ಗರಿಸಿದರೆ ಅದು ಆ ಹೊತ್ತಿನ ಎಡವು ಎನ್ನಿಸುತ್ತದೆ. ದೂರವಿರುವವಳು ಮುಗ್ಗರಿಸಿದರೆ ಅದೇ ಆಕೆಯ ಸ್ವಭಾವ ಎನ್ನಿಸಿಬಿಡುತ್ತದೆ. ಎರಡನೇ ಅಂಕದಲ್ಲಿ ಈ ವ್ಯತ್ಯಾಸ ಬಚ್ಚಿಟ್ಟುಕೊಳ್ಳಲು ಬೇಕಾದಷ್ಟು ಜಾಗವಿತ್ತು. ತಾಂತ್ರಿಕ ಅಂಕ ಏರಿಗೆಳೆದರೆ ಕಲೆಯ ಅಂಕ ನೀರಿಗೆಳೆಯುತ್ತಿತ್ತು.

ಮುಂದಿನ ಮೂರು ವರ್ಷಗಳ ವಿಶ್ವಕೂಟಗಳದ್ದು ಒಂದೇ ಕಥೆ, ಬೇರೆ ಬೇರೆ ಊರುಗಳಲ್ಲಿ. 1993, ಪ್ರಾಗ್: ಚಿಕ್ಕ ಸುತ್ತಿನಲ್ಲಿ ಮುಂದಿದ್ದ ಕೆರಿಗನ್ ದೀರ್ಘ ಸುತ್ತಿನಲ್ಲಿ ಕುಸಿದು ಐದನೆಯವಳಾದಳು, ದಾರಿ ತೆರೆಯಿತು. ಆದರೆ ಅದರಲ್ಲಿ ನುಗ್ಗಿ ಗೆದ್ದವಳು 15 ವರ್ಷದ ಬೈಯುಲ್. ಬೊನಾಲಿಗೆ ಬೆಳ್ಳಿ. 1994, ಲಿಲೆಹ್ಯಾಮರ್ ಒಲಿಂಪಿಕ್ಸ್: ಚಿಕ್ಕ ಸುತ್ತಿನ ನಂತರ ಮತ್ತೆ ಮೂರನೇ ಸ್ಥಾನ, ದೀರ್ಘ ಸುತ್ತಿನಲ್ಲಿ ಚೆನ್ ಲು ದಾಟಿಹೋದಳು. ಬೊನಾಲಿ ನಾಲ್ಕನೆಯವಳು, ಪದಕದ ಪೀಠದ ಅಂಚಿಗೆ.

ಆ ಬಳಿಕ ಚಿಬಾ. ಒಲಿಂಪಿಕ್ಸಿನ ಮೂವರು ಪದಕ ವಿಜೇತರೂ ಅಲ್ಲಿಗೆ ಬರಲಿಲ್ಲ. ನಾಲ್ಕನೆಯವಳು ಬೊನಾಲಿ, ಐದನೆಯವಳು ಯೂಕಾ ಸಾಟೊ. ಕಾಗದದ ಮೇಲಿನ ಲೆಕ್ಕದಲ್ಲಿ ಪಟ್ಟ ಬೊನಾಲಿಯದು. ಫ್ರಾನ್ಸಿಗೆ ಮಹಿಳೆಯರ ಸಿಂಗಲ್ಸ್ ವಿಶ್ವಪಟ್ಟ ಕೊನೆಯದಾಗಿ ಬಂದದ್ದು 1952ರಲ್ಲಿ, ಜಾಕ್ಲಿನ್ ದ್ಯು ಬಿಯೆಫ್ ಗೆದ್ದಾಗ. 42 ವರ್ಷಗಳ ಬರ ನೀಗಲಿತ್ತು. ಬೊನಾಲಿ ತನ್ನ ಮೂರು ಸುತ್ತಿನ ಜಿಗಿತಗಳನ್ನು ಒಂದೊಂದಾಗಿ ಇಳಿಸಿದಳು. ಸಾಟೊ ಬೇರೆಯೇ ಬಗೆಯ ಸ್ಕೇಟರ್. ಕಾಲ ಕೆಳಗೆ ಸದ್ದೇ ಇಲ್ಲದಂತೆ ಜಾರುವವಳು, ಅಂಚುಗಳ ಮೇಲಿನ ಆಕೆಯ ಹಿಡಿತ ಇಂದಿಗೂ ತರಬೇತುದಾರರು ಶಿಷ್ಯರಿಗೆ ತೋರಿಸುವಂಥದ್ದು. ತವರಿನ ಜನ ಬೇರೆ ಎದ್ದು ನಿಂತಿದ್ದರು. ಹಾಳೆಗಳು ಬಂದಾಗ ಐದು ಮಂದಿ ಸಾಟೊ ಕಡೆ, ನಾಲ್ಕು ಮಂದಿ ಬೊನಾಲಿ ಕಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಗ ನಡೆದದ್ದೇ ಮೊದಲಿಗೆ ಹೇಳಿದ ಪೀಠದ ಪ್ರಸಂಗ.

ಸಾಟೊ ಗೆದ್ದದ್ದು ಅನ್ಯಾಯ ಎಂದು ನಾನು ಹೇಳಲಾರೆ. ಎರಡು ಬೇರೆ ಕಲೆಗಳನ್ನು ಒಂದೇ ತಕ್ಕಡಿಗೆ ಹಾಕಿದ ಸಂದರ್ಭ ಅದು, ಐವರಿಗೆ ಒಂದು ಭಾರ ಕಂಡಿತು, ನಾಲ್ವರಿಗೆ ಇನ್ನೊಂದು. ಆದರೆ ಬೊನಾಲಿ ನಿಂತಿದ್ದ ಜಾಗದಿಂದ ನೋಡಿ. ಹಿಂದಿನ ವರ್ಷ ಬೆಳ್ಳಿ. ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ. ಕೂದಲ ಕಟ್ಟು ಬದಲಿಸು, ಉಡುಪು ಬದಲಿಸು, ಮೃದುವಾಗು, ತೋಳು ಚಾಚು, ಜಿಗಿತದ ಮೋಹ ಬಿಡು ಎಂದು ಎಲ್ಲರೂ ಹೇಳಿದ್ದನ್ನು ಆದಷ್ಟು ಮಾಡಿ, ಬೀಳದೆ ಎಡವದೆ ಒಂದು ಸುತ್ತು ಮುಗಿಸಿ, ಅದೂ ಸಾಲದು ಎಂಬ ಉತ್ತರ ಮತ್ತೆ ಸಿಕ್ಕಿದಾಗ, ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ. ಮರುವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಚೆನ್ ಲು ಚೀನಾದ ಮೊದಲ ವಿಶ್ವ ಚಾಂಪಿಯನ್ ಆದಳು. ಬೊನಾಲಿಗೆ ಮೂರನೇ ಬೆಳ್ಳಿ. ಆ ಬಾರಿ ಸುಮ್ಮನೆ ಮೆಟ್ಟಿಲು ಹತ್ತಿದಳು.

ಈ ಹೊತ್ತಿಗೆ ಗಯಾಗೆಯಿಂದ ದೂರವಾಗಿ ತಾಯಿ ಸುಜಾನ್ ಕೈಕೆಳಗೆ ಅಭ್ಯಾಸ ನಡೆದಿತ್ತು. ತಾಯಿಯೇ ಗುರುವಾದದ್ದನ್ನು ಫ್ರೆಂಚ್ ಸ್ಕೇಟಿಂಗ್ ವಲಯ ಮೆಚ್ಚಲಿಲ್ಲ. ಇನ್ನೂ ದೊಡ್ಡ ತರಬೇತುದಾರರ ಬಳಿ ಹೋಗಿದ್ದರೆ ಹೆಜ್ಜೆಗಳು ತಿದ್ದಿಕೊಳ್ಳುತ್ತಿದ್ದವು ಎನ್ನುವವರಿದ್ದರು. ಇರಬಹುದು. ಆದರೆ ಎಲ್ಲ ಕಡೆ ಪರೀಕ್ಷೆ ಎದುರಿಸುವ ಹುಡುಗಿಗೆ ರಿಂಕಿನ ಅಂಚಿನಲ್ಲಿ ತನ್ನವರೊಬ್ಬರು ಬೇಕಿತ್ತು ಎಂಬುದೂ ನನಗೆ ಅರ್ಥವಾಗುತ್ತದೆ.

1996ರ ಜನವರಿ, ಐದು ವರ್ಷ ಹಿಂದೆ ಮೊದಲ ಕಿರೀಟ ತೊಟ್ಟ ಅದೇ ಸೋಫಿಯಾ. ಈ ಸಲ ರಷ್ಯಾದ ಇರಿನಾ ಸ್ಲುಟ್‌ಸ್ಕಯಾ ಯುರೋಪಿನ ಪಟ್ಟ ಕಿತ್ತುಕೊಂಡಳು, ಬೊನಾಲಿಗೆ ಎರಡನೇ ಸ್ಥಾನ. ಅದೇ ವರ್ಷದ ಮೇ ತಿಂಗಳಲ್ಲಿ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಜಿಗಿಯುವವರಿಗೆ ಇದಕ್ಕಿಂತ ಕೆಟ್ಟ ಗಾಯವಿಲ್ಲ. ಮೀನಖಂಡದ ಬಲವನ್ನೆಲ್ಲ ಪಾದಕ್ಕೆ ಸಾಗಿಸುವ ಹಗ್ಗವೇ ಅದು. ತಿಂಗಳುಗಟ್ಟಲೆ ಮಲಗಿ, ಎದ್ದು, ಮತ್ತೆ ರಿಂಕಿಗೆ ಬಂದಳು. 1997ರ ಯುರೋಪಿಯನ್ ಕೂಟ ಪ್ಯಾರಿಸ್ಸಿನಲ್ಲೇ ನಡೆದರೂ ಒಂಬತ್ತನೆಯವಳಾದಳು. ಅದೇ ವರ್ಷದ ವಿಶ್ವಕೂಟದಲ್ಲಿ ಫ್ರಾನ್ಸಿಗೆ ಕಂಚು ತಂದವಳು ವನೆಸ್ಸಾ ಗುಸ್ಮೆರೊಲಿ. ಬೊನಾಲಿಯ ಕಾಲ ಮುಗಿಯಿತು ಎಂದು ತವರಿನವರೇ ಮಾತಾಡಿಕೊಂಡರು.

ಹೀಗೆ 1998ರ ಫೆಬ್ರವರಿಗೆ ಬರುತ್ತೇವೆ. ಜಪಾನಿನ ನಗಾನೊ, ವೈಟ್ ರಿಂಗ್ ಎಂಬ ಕ್ರೀಡಾಂಗಣ. ಬೊನಾಲಿಗೆ 24 ವರ್ಷ, ಮೂರನೇ ಒಲಿಂಪಿಕ್ಸ್. ಎದುರಿಗೆ 15 ವರ್ಷದ ಟಾರಾ ಲಿಪಿನ್‌ಸ್ಕಿ, 17 ವರ್ಷದ ಮಿಷೆಲ್ ಕ್ವಾನ್. ಇಡೀ ಜಗತ್ತಿನ ಕಣ್ಣು ಆ ಇಬ್ಬರ ಮೇಲೆ. ಚಿಕ್ಕ ಸುತ್ತಿನ ನಂತರ ಬೊನಾಲಿ ಆರನೇ ಸ್ಥಾನದಲ್ಲಿದ್ದಳು. ಪದಕದ ಆಸೆ ದೂರದ ಮಾತು. ಫೆಬ್ರವರಿ 20ರ ದೀರ್ಘ ಸುತ್ತಿನಲ್ಲಿ ವಿವಾಲ್ಡಿಯ ಪಿಟೀಲು ಸಂಗೀತಕ್ಕೆ ಸ್ಕೇಟಿಂಗ್ ಶುರುವಾಯಿತು. ಕಾಲು ಮಾತು ಕೇಳುತ್ತಿಲ್ಲ ಎಂಬುದು ನೋಡುವವರಿಗೂ ಗೊತ್ತಾಗುವಂತಿತ್ತು. ಅಂದುಕೊಂಡ ಜಿಗಿತಗಳು ಕೈಕೊಟ್ಟವು.

ಆಗ ಆಕೆ ಹಿಮ್ಮುಖವಾಗಿ ವೇಗ ಹಿಡಿದು, ಮೈಯನ್ನು ಹಿಂದಕ್ಕೆ ಎಸೆದು, ಲಾಗ ಹಾಕಿದಳು. ಗಾಳಿಯಲ್ಲಿ ಕಾಲುಗಳು ಕತ್ತರಿಯಂತೆ ಬಿಚ್ಚಿಕೊಂಡವು. ಇಳಿದದ್ದು ಒಂದೇ ಕಾಲಿನ ಮೇಲೆ, ಬೆರಳಿನಷ್ಟೂ ಅಗಲವಿಲ್ಲದ ಒಂದೇ ಬ್ಲೇಡಿನ ಮೇಲೆ. ಇಳಿದು, ನಿಲ್ಲದೆ, ಹಾಗೆಯೇ ಜಾರುತ್ತಾ ಮುಂದೆ ಸಾಗಿದಳು.

ಈ ಒಂದು ಕಾಲಿನ ವಿಷಯ ಯಾಕೆ ಮುಖ್ಯ ಎಂದು ಹೇಳಬೇಕು. ಒಲಿಂಪಿಕ್ಸಿನಲ್ಲಿ ಮೊತ್ತಮೊದಲು ಬ್ಯಾಕ್‌ಫ್ಲಿಪ್ ಹಾಕಿದವನು ಅಮೆರಿಕದ ಟೆರಿ ಕುಬಿಕಾ, 1976ರ ಇನ್ಸ್‌ಬ್ರುಕ್ ಕೂಟದಲ್ಲಿ. ಅದಾದ ಮೇಲೆ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಅದನ್ನು ನಿಷೇಧಿಸಿತು. ತಲೆ ಮಂಜಿಗೆ ಬಡಿಯುವ ಅಪಾಯ ಒಂದು ಕಾರಣ. ಇನ್ನೊಂದು ಕಾರಣ ಆಟದ ವ್ಯಾಕರಣಕ್ಕೆ ಸಂಬಂಧಿಸಿದ್ದು: ಸ್ಕೇಟಿಂಗಿನಲ್ಲಿ ಜಿಗಿತವೆಂದರೆ ಒಂದು ಕಾಲಿನ ಮೇಲೆ ಇಳಿಯುವಂಥದ್ದು, ಬ್ಯಾಕ್‌ಫ್ಲಿಪ್ಪಿನಲ್ಲಿ ಎರಡೂ ಕಾಲು ನೆಲಕ್ಕೆ ತಾಗುತ್ತವೆ, ಹಾಗಾಗಿ ಅದು ಜಿಗಿತವೇ ಅಲ್ಲ, ಸರ್ಕಸ್ಸು. ಬೊನಾಲಿ ಆ ಎರಡನೇ ಆಕ್ಷೇಪಕ್ಕೆ ತನ್ನ ದೇಹದಿಂದಲೇ ಉತ್ತರ ಕೊಟ್ಟಳು. ನಿಯಮದ ಪುಸ್ತಕ ಯಾವುದನ್ನು ಜಿಗಿತ ಎನ್ನುತ್ತದೋ ಆ ಅರ್ಥದಲ್ಲೇ ಇದು ಜಿಗಿತ. ಆದರೂ ನಿಷಿದ್ಧ, ಆದ್ದರಿಂದ ಅಂಕ ಕಡಿತ. ಅದು ಗೊತ್ತಿದ್ದೇ ಮಾಡಿದ್ದಳು. ಸುತ್ತು ಮುಗಿದಾಗ ತೀರ್ಪುಗಾರರ ಮೇಜಿಗೆ ಬೆನ್ನು ಹಾಕಿ, ಜನರ ಕಡೆ ತಿರುಗಿ ತಲೆಬಾಗಿದಳು. ಅಂತಿಮ ಪಟ್ಟಿಯಲ್ಲಿ ಹತ್ತನೇ ಸ್ಥಾನ. ನಾಲ್ಕು ವರ್ಷದ ಹಿಂದೆ ಇದೇ ನಾಡಿನ ಇನ್ನೊಂದು ಊರಿನಲ್ಲಿ ಛೀಮಾರಿ ಕೇಳಿದ್ದವಳಿಗೆ ಈಗ ಕೇಳಿದ್ದು ಚಪ್ಪಾಳೆ.

ನಗಾನೊದ ಈ ಸುತ್ತನ್ನು ಪ್ರತಿಭಟನೆ ಎಂದು ಕರೆಯುವುದು ರೂಢಿಯಾಗಿದೆ. ನಾನು ಆ ದೃಶ್ಯವನ್ನು ನೋಡುವಾಗ ಕಣ್ಣಿಗೆ ಬೀಳುವುದು ಬೇರೆ. ಆ ಲಾಗದಲ್ಲಿ ಹರಿವು ಇತ್ತು. ಒಳಗೆ ಬಂದ ವೇಗ ಹೊರಗೂ ಉಳಿಯಿತು, ಮೈ ನೇರವಾಗಿ ತೆರೆದುಕೊಂಡಿತು, ಸಂಗೀತದ ಏರಿಗೆ ಸರಿಯಾಗಿ ಬಿತ್ತು. ವರ್ಷಗಟ್ಟಲೆ ಎರಡನೇ ಅಂಕದವರು ಆಕೆಯಲ್ಲಿ ಹುಡುಕಿ ಸಿಗಲಿಲ್ಲ ಎಂದದ್ದೆಲ್ಲ ಅಂಕವೇ ಇಲ್ಲದ ಆ ಒಂದು ಕಸರತ್ತಿನಲ್ಲಿತ್ತು.

ಅಲ್ಲಿಗೆ ಸ್ಪರ್ಧೆಗಳ ಬದುಕು ಮುಗಿಯಿತು. ಅಮೆರಿಕಕ್ಕೆ ಹೋಗಿ ನೆಲೆಸಿ, 2004ರಲ್ಲಿ ಅಲ್ಲಿನ ಪೌರತ್ವ ಪಡೆದಳು. ಚಾಂಪಿಯನ್ಸ್ ಆನ್ ಐಸ್ ತಂಡದೊಡನೆ ಊರೂರು ಸುತ್ತಿ ಪ್ರದರ್ಶನ ಕೊಟ್ಟಳು. ಅಲ್ಲಿ ತೀರ್ಪುಗಾರರಿಲ್ಲ, ಜನ ಕಾದು ಕೂತು ನೋಡುತ್ತಿದ್ದುದೇ ಆ ಲಾಗವನ್ನು. ಬೆನ್ನುಹುರಿಯ ತೊಂದರೆ ಕಾಣಿಸಿಕೊಂಡ ಮೇಲೆ ಪ್ರದರ್ಶನ ನಿಲ್ಲಿಸಬೇಕಾಯಿತು. ಮಿನ್ನೆಸೋಟಾದಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸತೊಡಗಿದಳು. 2019ರಲ್ಲಿ ನೆಟ್‌ಫ್ಲಿಕ್ಸ್ ಸೋತವರ ಕುರಿತು ಮಾಡಿದ ಸಾಕ್ಷ್ಯಚಿತ್ರ ಸರಣಿಯ ಒಂದು ಕಂತು ಆಕೆಯದು. ಅದರಿಂದ, ಆಕೆ ಸ್ಪರ್ಧಿಸುತ್ತಿದ್ದಾಗ ಹುಟ್ಟಿಯೇ ಇರದ ಪೀಳಿಗೆಗೆ ಆಕೆಯ ಪರಿಚಯವಾಯಿತು.

ಆರು ಅಂಕದ ಪದ್ಧತಿಯೂ ಉಳಿಯಲಿಲ್ಲ. ಅದು ಬಿದ್ದದ್ದರಲ್ಲಿ ಬೊನಾಲಿಯ ಹಳೆಯ ತರಬೇತುದಾರನ ಹೆಸರೂ ಬರುತ್ತದೆ. ಗಯಾಗೆ ಮುಂದೆ ಫ್ರೆಂಚ್ ಸ್ಕೇಟಿಂಗ್ ಒಕ್ಕೂಟದ ಅಧ್ಯಕ್ಷನಾದ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನ ಜೋಡಿ ಸ್ಪರ್ಧೆಯಲ್ಲಿ ರಷ್ಯಾದ ಜೋಡಿಗೆ ಮತ ಹಾಕಲು ತನ್ನ ಮೇಲೆ ಒತ್ತಡವಿತ್ತು ಎಂಬ ಫ್ರೆಂಚ್ ತೀರ್ಪುಗಾರ್ತಿಯ ಮಾತು ಹೊರಬಿದ್ದು ದೊಡ್ಡ ಹಗರಣವಾಯಿತು. ಕೆನಡಾದ ಜೋಡಿಗೂ ಎರಡನೇ ಚಿನ್ನ ಕೊಡಬೇಕಾಯಿತು. ಆ ತೀರ್ಪುಗಾರ್ತಿ ಮತ್ತು ಗಯಾಗೆ ಇಬ್ಬರನ್ನೂ ಮೂರು ವರ್ಷ ಅಮಾನತು ಮಾಡಿದರು. ಆ ಗದ್ದಲದ ಫಲವಾಗಿ 2004ರಲ್ಲಿ ಹೊಸ ಪದ್ಧತಿ ಬಂತು. ಈಗ ಪ್ರತಿ ಜಿಗಿತಕ್ಕೂ ಗೊತ್ತುಪಡಿಸಿದ ಮೂಲ ಅಂಕವಿದೆ, ಚೆನ್ನಾಗಿ ಮಾಡಿದರೆ ಅದಕ್ಕೆ ಕೂಡಿಸುತ್ತಾರೆ, ಕೆಟ್ಟರೆ ಕಳೆಯುತ್ತಾರೆ. ಈ ಪದ್ಧತಿ ಆಗಲೇ ಇದ್ದಿದ್ದರೆ ಬೊನಾಲಿ ವಿಶ್ವ ಚಾಂಪಿಯನ್ ಆಗಿರುತ್ತಿದ್ದಳು ಎಂದು ಹಲವರು ಹೇಳುತ್ತಾರೆ. ನನಗೆ ಅಷ್ಟು ಧೈರ್ಯ ಸಾಲದು. ಕಡಿಮೆಯಾದ ಕಾಲು ಸುತ್ತನ್ನೂ ಹೊಸ ಪದ್ಧತಿ ವಿಡಿಯೊ ನಿಲ್ಲಿಸಿ ನೋಡಿ ಹಿಡಿಯುತ್ತದೆ. ಆದರೆ ಎಲ್ಲಿ ಎಷ್ಟು ಹೋಯಿತು ಎಂದು ಆಕೆಗೆ ಕಾಗದದ ಮೇಲೆ ಗೊತ್ತಾಗುತ್ತಿತ್ತು. ಚಿಬಾದಲ್ಲಿ ಗೊತ್ತಾಗಲಿಲ್ಲ.

2024ರಲ್ಲಿ ಇನ್ನೊಬ್ಬ ಫ್ರೆಂಚ್ ಸ್ಕೇಟರ್ ಈ ಕಥೆಗೆ ಬಂದ. ಆಡಂ ಸಿಯಾವೊ ಹಿಮ್ ಫಾ, ಬೋರ್ಡೊ ನಗರದಲ್ಲಿ ಹುಟ್ಟಿದವನು, ಹೆತ್ತವರು ಮಾರಿಷಸ್ ಮೂಲದವರು. ಜನವರಿಯಲ್ಲಿ ಲಿಥುವೇನಿಯಾದ ಕೌನಾಸ್‌ನಲ್ಲಿ ಯುರೋಪಿಯನ್ ಪಟ್ಟ ಗೆಲ್ಲುವಾಗ ನಿಷೇಧವಿದ್ದರೂ ಬ್ಯಾಕ್‌ಫ್ಲಿಪ್ ಹಾಕಿದ, ಎರಡು ಅಂಕ ಹೋಯಿತು. ಮಾರ್ಚ್‌ನಲ್ಲಿ ಮಾಂಟ್ರಿಯಲ್ ವಿಶ್ವಕೂಟದ ಚಿಕ್ಕ ಸುತ್ತಿನಲ್ಲಿ 19ನೇ ಸ್ಥಾನಕ್ಕೆ ಬಿದ್ದಿದ್ದವನು ದೀರ್ಘ ಸುತ್ತಿನಲ್ಲಿ ಮತ್ತೆ ಲಾಗ ಹಾಕಿ, ಮತ್ತೆ ಎರಡು ಅಂಕ ಕಳೆದುಕೊಂಡು, ಆದರೂ ಮೇಲೇರಿ ಕಂಚು ಗೆದ್ದ. ಅದೇ ಬೇಸಿಗೆಯಲ್ಲಿ ಒಕ್ಕೂಟ ನಿಷಿದ್ಧ ಕಸರತ್ತುಗಳ ಪಟ್ಟಿಯಿಂದ ಬ್ಯಾಕ್‌ಫ್ಲಿಪ್ಪನ್ನು ತೆಗೆದುಹಾಕಿತು. ಈಗ ಯಾರು ಬೇಕಾದರೂ ಹಾಕಬಹುದು, ಎರಡು ಕಾಲಿನ ಮೇಲೆ ಇಳಿದರೂ ಅಡ್ಡಿಯಿಲ್ಲ, ಕಡಿತವಿಲ್ಲ. ಆಕ್ಸೆಲ್, ಲುಟ್ಜ್, ಟೋ ಲೂಪ್ ಮುಂತಾದ ಜಿಗಿತಗಳಿಗೆ ಇರುವ ಹಾಗೆ ಅದಕ್ಕೆ ತನ್ನದೇ ಆದ ಮೂಲ ಅಂಕವನ್ನು ಮಾತ್ರ ಆ ತೀರ್ಮಾನ ಕೊಡಲಿಲ್ಲ.